ಹೆಸರಿಲ್ಲದ ಕಾಗದ

ಅಮೆರಿಕದ ‘ಗ್ರೀನ್ ಕಾರ್ಡ್’ ಎಂಬ ಮಾತು ನಮ್ಮ ಭದ್ರಾವತಿಯ ನ್ಯೂ ಟೌನಿಗೆ ಹೊಸದಲ್ಲ. ಕಬ್ಬಿಣದ ಕಾರ್ಖಾನೆಯನ್ನು ನಂಬಿ ಹಿರಿಯರು ಇಲ್ಲಿಗೆ ಬಂದರು. ಕಂಪ್ಯೂಟರನ್ನು ನಂಬಿ ಮಕ್ಕಳು ಇಲ್ಲಿಂದ ಹೊರಟರು. ಹಪ್ಪಳ ಒಣಗಿಸುತ್ತ ಆಡುವ ಮಾತಿನಲ್ಲಿ ಈಗ ವೀಸಾದ ಸುದ್ದಿಯೂ ಸಲೀಸಾಗಿ ಬಂದುಹೋಗುತ್ತದೆ. ನಮ್ಮತ್ತೆಯವರು ಮಾತ್ರ ಒಮ್ಮೆ, “ಆ ಕಾರ್ಡಿಗೆ ತಿಂಗಳಿಗೆ ಎಷ್ಟು ಅಕ್ಕಿ ಕೊಡ್ತಾರಂತೆ?” ಎಂದು ಕೇಳಿದ್ದರು. ಅಕ್ಕಿಯಲ್ಲ, ಆ ದೇಶದಲ್ಲಿ ಕಾಯಂ ಇರುವ ಹಕ್ಕು ಎಂದು ತಿಳಿಸಿ ಹೇಳಬೇಕಾಯಿತು.

ನನ್ನ ತಂಗಿಯ ಮಗಳು ಮದುವೆಯಾಗಿ ಅಲ್ಲಿಗೆ ಹೋದದ್ದು ಎಚ್-4 ವೀಸಾದ ಮೇಲೆ. ಗಂಡನದು ಎಚ್-1ಬಿ, ಅದರ ಬಾಲ ಹಿಡಿದದ್ದು ಇವಳದು. ಎಂ.ಎಸ್ಸಿ. ಓದಿ ಶಿವಮೊಗ್ಗದಲ್ಲಿ ಪಾಠ ಹೇಳುತ್ತಿದ್ದವಳು ಅಲ್ಲಿ ಸಂಬಳಕ್ಕೆ ದುಡಿಯುವಂತಿರಲಿಲ್ಲ. 2015ರಲ್ಲಿ ನಿಯಮ ಬದಲಾಗಿ, ಗಂಡನ ಗ್ರೀನ್ ಕಾರ್ಡಿನ ಕೆಲಸ ಒಂದು ಹಂತ ದಾಟಿದ್ದರೆ ಹೆಂಡತಿಯೂ ದುಡಿಯಲು ಪರವಾನಗಿ ಕೇಳಬಹುದೆಂದಾಯಿತು. ಆದರೂ ಅದು ಅವನ ವೀಸಾಕ್ಕೆ ಕಟ್ಟಿದ ಗಂಟು. ಅವನ ಕೆಲಸ ಹೋದರೆ, ದಾಂಪತ್ಯ ಮುರಿದರೆ, ಇವಳ ಕಾಲಡಿಯ ನೆಲವೂ ಹೋದಂತೆ.

ಕಾರ್ಡಿನ ಸರದಿಯಂತೂ ಮುಗಿಯದ ಕ್ಯೂ. ನೌಕರಿಯ ಆಧಾರದ ಮೇಲೆ ವರ್ಷಕ್ಕೆ ಕೊಡುವುದು ಸುಮಾರು 1,40,000; ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ನೂರಕ್ಕೆ ಏಳು. ಹೆಂಡತಿ ಮಕ್ಕಳೂ ಆ ಲೆಕ್ಕದಲ್ಲೇ ಸೇರಿದವರು.

ಅಂತೂ ಸರದಿ ಬಂತು. ಬೇಕಾದದ್ದು ಅವಳ ಜನನ ಪತ್ರ. ತೆಗೆದು ನೋಡಿದರೆ ತಂದೆಯ ಹೆಸರಿದೆ, ತಾಯಿಯ ಹೆಸರಿದೆ. ಅವಳದೇ ಇಲ್ಲ, ಬರೀ ‘ಹೆಣ್ಣು’ ಎಂದಿದೆ. ಆಗ ಎಷ್ಟೋ ಮನೆಗಳಲ್ಲಿ ಹೀಗೇ. ಆಸ್ಪತ್ರೆಯವರು ಹುಟ್ಟನ್ನು ಬರೆಸುತ್ತಿದ್ದರು. ಹೆಸರಿಡುವುದು ಆಮೇಲೆ, ತೊಟ್ಟಿಲ ಮುಂದೆ. ಊರಿಗೆಲ್ಲ ಸಕ್ಕರೆ ಹಂಚಿದರೂ ಆ ಹೆಸರು ಕಾಗದಕ್ಕೆ ಏರುತ್ತಿರಲಿಲ್ಲ.

ಶಾಲೆಯ ದಾಖಲೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹುಡುಕಿದೆವು. ಜೊತೆಗೆ ಹುಟ್ಟನ್ನು ಕಣ್ಣಾರೆ ಬಲ್ಲವರ ಅಫಿಡವಿಟ್ ಬೇಕಿತ್ತು. ತಂಗಿಯ ಬಾಣಂತನ ಮಾಡಿದವಳು, ಆ ಮಗುವನ್ನು ಕಾಲ ಮೇಲೆ ಮಲಗಿಸಿ ಎರೆದವಳು ನಾನು. ನೋಟರಿಯ ಮುಂದೆ ಕೂತು, ಆ ಮಗುವೇ ಈಕೆ ಎಂದು ಸಹಿ ಹಾಕಿ ಬಂದೆ.

ಈಗ ಅವಳದೇ ಹೆಸರಿನ ಕಾರ್ಡು ಬಂದಿದೆ. “ದೊಡ್ಡಮ್ಮ, ಇನ್ನು ಇವರ ವೀಸಾದ ತಾರೀಖು ನೋಡಿ ನನ್ನ ಕೆಲಸದ ಲೆಕ್ಕ ಹಾಕಬೇಕಾಗಿಲ್ಲ” ಎಂದು ಫೋನಿನಲ್ಲಿ ಹೇಳುವಾಗ ಅವಳ ದನಿ ಹಗುರವಾಗಿತ್ತು.

ಮನೆಯಲ್ಲಿ ತೊಟ್ಟಿಲು ಕಟ್ಟಿದವರಿಗೆ ನಾನೀಗ ಹೇಳುವುದಿಷ್ಟೆ: ಮಗುವಿನ ಕಿವಿಯಲ್ಲಿ ಹೇಳಿದ ಹೆಸರನ್ನು ಜನನ ನೋಂದಣಿಯ ಪುಸ್ತಕಕ್ಕೂ ಹೇಳಿ ಬನ್ನಿ. ವರ್ಷದೊಳಗೆ ಬರೆಸಿದರೆ ಶುಲ್ಕವೂ ಇಲ್ಲ.