ಸೆಂಟರ್ ಮಾಡ್ಕೊಡಿ

ಡಿಟಿಪಿ ಅಂಗಡಿಯಲ್ಲಿ ಕೂತವರಿಗೆ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಮಾತು ಒಂದೇ: "ಸ್ವಲ್ಪ ಸೆಂಟರ್ ಮಾಡ್ಕೊಡಿ." ಗೃಹಪ್ರವೇಶದ ಕಾರ್ಡಿನಲ್ಲಿ ಮನೆದೇವರ ಹೆಸರು ಸೆಂಟರಿಗೆ ಬರಬೇಕು. ತಿಥಿ ಕಾರ್ಡಿನಲ್ಲಿ ತೀರಿಕೊಂಡವರ ಫೋಟೊ ಸೆಂಟರಿಗೆ. ರಾಜ್ಯೋತ್ಸವದ ಬ್ಯಾನರಿನಲ್ಲಿ ಭುವನೇಶ್ವರಿ ಸೆಂಟರಿಗೆ, ಅವಳ ಎರಡೂ ಪಕ್ಕ ಸಮಸಮ ಮುಖಂಡರು. ಒಬ್ಬರ ಫೋಟೊ ಅರ್ಧ ಇಂಚು ದೊಡ್ಡದಾದರೆ ಇನ್ನೊಬ್ಬರು ಅಂಗಡಿ ಬಾಗಿಲಿಗೇ ಬಂದು ನಿಲ್ಲುತ್ತಾರೆ. ಪೇಜ್‌ಮೇಕರಿನಲ್ಲಿ ಅಕ್ಷರವನ್ನು ಸೆಂಟರ್ ಮಾಡೋಕೆ ಮೂರು ಕೀ ಸಾಕು: ಕಂಟ್ರೋಲ್, ಶಿಫ್ಟ್, ಸಿ. ಕಣ್ಣು ಮುಚ್ಚಿಕೊಂಡು ಒತ್ತಬಹುದು.

2010ರಿಂದ ಎರಡು ವರ್ಷ ನಾನು ಈ ಕೆಲಸ ಮಾಡಿದ್ದು ಬೆಂಗಳೂರಿನ ದೊಡ್ಡನೆಕ್ಕುಂದಿಯಲ್ಲಿ. ಪತ್ರಿಕೋದ್ಯಮದ ಡಿಪ್ಲೊಮಾ ಕೈಯಲ್ಲಿತ್ತು, ಪತ್ರಿಕೆಯ ಕೆಲಸ ಇರಲಿಲ್ಲ. ಬೆಳಗ್ಗೆ ಮಾಲೂರಿನಲ್ಲಿ ರೈಲು ಹತ್ತಿ, ಕೆ.ಆರ್.ಪುರದಲ್ಲಿ ಇಳಿದು, ತೂಗುಸೇತುವೆ ಹತ್ತಿರ ರಿಂಗ್ ರೋಡಿನ ಬಸ್ಸು ಹಿಡಿಯುತ್ತಿದ್ದೆ. ಆ ಕಡೆ ಕೆಲಸಕ್ಕೆ ಹೋದವರು ನಿಮ್ಮಲ್ಲೂ ಇರುತ್ತೀರಿ. ಒಂದು ಕಡೆ ರಿಂಗ್ ರೋಡು ಮತ್ತು ಗಾಜಿನ ಕಟ್ಟಡಗಳು, ಇನ್ನೊಂದು ಕಡೆ ಕೈಗಾರಿಕಾ ಪ್ರದೇಶ, ನಡುವೆ ಕೆರೆ ಮತ್ತು ಹಳೇ ಊರು. ಹಾಗಾಗಿ ಅಂಗಡಿಗೆ ಬರುತ್ತಿದ್ದವರೂ ಮೂರು ತರ. ಬಾಡಿಗೆ ಅಗ್ರಿಮೆಂಟ್ ಮಾಡಿಸೋ ಕಂಪ್ಯೂಟರ್ ಹುಡುಗರು, ಬಯೋಡೇಟಾ ಟೈಪ್ ಮಾಡಿಸೋ ಫ್ಯಾಕ್ಟರಿ ಹುಡುಗರು, ಪಹಣಿ ಜೆರಾಕ್ಸ್‌ಗೆ ಬರೋ ಊರಿನ ಯಜಮಾನರು.

ನಾನು ಹೇಳಬೇಕಾದ್ದು ಇನ್ನೊಬ್ಬರ ವಿಷಯ. ರಿಟೈರಾದ ಒಬ್ಬ ಮೇಷ್ಟ್ರು. ಹದಿನೈದು ದಿನಕ್ಕೊಂದು ಸಲ ನಾಲ್ಕು ಪುಟದ ಪತ್ರಿಕೆ ತರುತ್ತಿದ್ದರು. ಪುಟಕಟ್ಟುವ ಕೆಲಸ ನಮ್ಮ ಅಂಗಡಿಯಲ್ಲಿ. ಸುತ್ತಲ ಹಳ್ಳಿಗಳ ಜಮೀನು, ಕೆರೆ, ರಾಜಕಾಲುವೆ, ನೀರಿನ ಟ್ಯಾಂಕರು, ಅವರ ಪತ್ರಿಕೆ ತುಂಬ ಇವೇ. ಯಾವ ಸರ್ವೆ ನಂಬರು ಯಾರ ಕೈಗೆ ಹೋಯಿತು ಅಂತ ನಂಬರು ಸಮೇತ ಬರೆಯುತ್ತಿದ್ದರು. ನಾನು ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಹೆಚ್ಚು ವರದಿಗಾರಿಕೆ ಅವರ ಪ್ರೂಫ್ ತಿದ್ದುತ್ತಾ ಕಲಿತೆ.

ಒಂದು ದಿನ ಬಂದು, "ನಮ್ಮ ಪತ್ರಿಕೆ ಇಂಟರ್ನೆಟ್ಟಲ್ಲೂ ಬರ್ಬೇಕು ಕಣಪ್ಪ, ಕಾಗದ ಎಷ್ಟು ಜನಕ್ಕೆ ಮುಟ್ತದೆ?" ಅಂದರು. ನಮ್ಮ ಯಜಮಾನರಿಗೆ ಗೊತ್ತಿದ್ದದ್ದು ಮೈಕ್ರೋಸಾಫ್ಟ್ ಪಬ್ಲಿಷರ್ 2003. ಅದರಲ್ಲಿ ಕಾರ್ಡು, ಕರಪತ್ರದ ಜೊತೆಗೆ ವೆಬ್ ಪುಟವನ್ನೂ ಮಾಡಬಹುದಿತ್ತು. ಕಾಗದದ ಪುಟ ಕಟ್ಟುವ ಹಾಗೇ ಕಟ್ಟಿ, ಕೊನೆಗೆ ವೆಬ್ ಅಂತ ಸೇವ್ ಮಾಡಿದರೆ ಆಯಿತು. ಹಾಗೇ ಮಾಡಿದೆವು. ಅಂಗಡಿಯ ಹಳೇ ಡಬ್ಬಾ ಮಾನಿಟರಿನಲ್ಲಿ ಪುಟ ಅಂಚಿನಿಂದ ಅಂಚಿಗೆ ತುಂಬಿಕೊಂಡು ಚೆನ್ನಾಗೇ ಕಂಡಿತು.

ಮೇಷ್ಟ್ರ ಅಳಿಯ ಗಾಜಿನ ಕಟ್ಟಡವೊಂದರಲ್ಲಿ ಕೆಲಸಕ್ಕಿದ್ದ. ಅವನ ಆಫೀಸಿನ ಅಗಲ ಪರದೆಯಲ್ಲಿ ಅದೇ ಪುಟ ಪೂರ್ತಿ ಎಡಕ್ಕೆ ಅಂಟಿಕೊಂಡು, ಬಲಕ್ಕೆ ಅರ್ಧ ಬಯಲು. ಮೇಷ್ಟ್ರು ಸಂಜೆಗೇ ಬಂದರು. "ಏನಪ್ಪಾ ಇದು, ಗೋಡೆಗೆ ಒರಗಿಕೊಂಡು ಕೂತ ಮುದುಕನ ತರ ಐತೆ. ಸೆಂಟರ್ ಮಾಡ್ಕೊಡಿ."

ಎಲ್ಲವನ್ನೂ ಒಟ್ಟಿಗೆ ಹಿಡಿದು ಬಲಕ್ಕೆ ಎಳೆದು ನೋಡಿದೆವು. ಅಳಿಯನ ಪರದೆಯಲ್ಲಿ ಸರಿಹೋಯಿತು. ನಮ್ಮ ಪರದೆಯಲ್ಲಿ ಬಲಗಡೆಯ ಕಾಲಂ ಹೊರಗೆ ಹೋಯಿತು, ಕೆಳಗೆ ಎಳೆದು ನೋಡುವ ಪಟ್ಟಿ ಬಂತು. ಒಬ್ಬರ ಸೆಂಟರು ಇನ್ನೊಬ್ಬರಿಗೆ ಸೆಂಟರಲ್ಲ.

ಇದು ಯಾಕೆ ಹೀಗೆ ಅಂತ ಹೇಳೋಕೆ ಮದುವೆ ಚಪ್ಪರದ ಉದಾಹರಣೆ ಕೊಡುತ್ತೇನೆ. ಚಪ್ಪರದವನು ಪ್ರತಿ ಕಂಬವನ್ನೂ ಕಾಂಪೌಂಡ್ ಗೋಡೆಯಿಂದ ಅಳತೆ ಹಿಡಿದು ನೆಟ್ಟಿದ್ದಾನೆ ಅಂದುಕೊಳ್ಳಿ. ಗೋಡೆಯಿಂದ ಇಷ್ಟು ಅಡಿಗೆ ಒಂದು, ಇಷ್ಟು ಅಡಿಗೆ ಇನ್ನೊಂದು. ಪಕ್ಕದ ಸೈಟೂ ಖಾಲಿಯಾಗಿ ಬಯಲು ದೊಡ್ಡದಾದರೂ ಚಪ್ಪರ ಗೋಡೆ ಹತ್ತಿರವೇ ಇರುತ್ತೆ, ಯಾಕಂದ್ರೆ ಅಳತೆ ಇರೋದು ಗೋಡೆಯಿಂದ. ಪಬ್ಲಿಷರ್ ಮಾಡುತ್ತಿದ್ದ ವೆಬ್ ಪುಟವೂ ಹಾಗೇ. ಪ್ರತಿ ಚೌಕಕ್ಕೂ, ಪ್ರತಿ ಫೋಟೊಗೂ ಎಡ ಅಂಚಿನಿಂದ ಇಷ್ಟು, ಮೇಲಿನಿಂದ ಇಷ್ಟು ಅಂತ ಜಾಗ ಗೊತ್ತುಮಾಡಿ ಬರೆದಿಡುತ್ತಿತ್ತು. ಅದು ಕಾಗದಕ್ಕೆ ಹುಟ್ಟಿದ ಸಾಫ್ಟ್‌ವೇರು. ಕಾಗದಕ್ಕೆ ಅಗಲ ಅಂತ ಒಂದಿದೆ, ಅದು ಓದುಗರ ಕೈಗೆ ಹೋದಮೇಲೆ ಹಿಗ್ಗೋದೂ ಇಲ್ಲ, ಕುಗ್ಗೋದೂ ಇಲ್ಲ.

ಪರಿಹಾರ ಅಳಿಯನೇ ಹೇಳಿಕೊಟ್ಟ. ಸೇವ್ ಆದ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ಒಳಗಿರುವ ಎಲ್ಲವನ್ನೂ ಒಂದೇ ದೊಡ್ಡ ಪೆಟ್ಟಿಗೆಯೊಳಗೆ ಹಾಕಬೇಕು. ಆ ಪೆಟ್ಟಿಗೆಗೆ ಒಂದು ಅಗಲ ಹೇಳಬೇಕು. ಎಡಬಲದ ಮಾರ್ಜಿನ್ನು 'ಆಟೋ' ಅನ್ನಬೇಕು. ಅಂದರೆ ಉಳಿದ ಜಾಗ ಎಷ್ಟೇ ಇರಲಿ, ಅಣ್ಣತಮ್ಮಂದಿರ ಪಾಲಿನ ತರ ಎರಡೂ ಕಡೆ ಸಮ ಹಂಚಿಕೋ ಅಂತ. ಇಷ್ಟೇ ಮಾಡಿದರೆ ಪೆಟ್ಟಿಗೆ ನಡುವೆ ಬರುತ್ತೆ, ಒಳಗಿನ ಸಾಮಾನು ಮಾತ್ರ ಗೋಡೆ ಹತ್ತಿರವೇ ಉಳಿಯುತ್ತೆ. ಅದಕ್ಕೇ ಇನ್ನೊಂದು ಮಾತು ಸೇರಿಸಬೇಕು: ಪೆಟ್ಟಿಗೆಯ 'ಪೊಸಿಷನ್' ಅನ್ನು 'ರಿಲೇಟಿವ್' ಅನ್ನಬೇಕು. ಆಗ ಕಂಬಗಳ ಅಳತೆ ಗೋಡೆಯಿಂದಲ್ಲ, ಪೆಟ್ಟಿಗೆಯ ಅಂಚಿನಿಂದ ಶುರುವಾಗುತ್ತೆ. ಈ ಎರಡನೇ ಮಾತು ಇಲ್ಲದೆ ಮೊದಲನೆಯದು ಕೆಲಸ ಮಾಡೋದಿಲ್ಲ.

ಮಾಡಿದೆವು. ಪುಟ ನಡುವಿಗೆ ಬಂತು, ಎರಡೂ ಪರದೆಯಲ್ಲಿ. ಆದರೆ ಹದಿನೈದು ದಿನದ ನಂತರ ಹೊಸ ಸಂಚಿಕೆ ಹಾಕಿ ಪಬ್ಲಿಷರಿನಿಂದ ಮತ್ತೆ ಸೇವ್ ಮಾಡಿದಾಗ ಅದು ಕಡತವನ್ನು ಹೊಸದಾಗಿ ಬರೆಯಿತು, ನೋಟ್‌ಪ್ಯಾಡಿನಲ್ಲಿ ಸೇರಿಸಿದ್ದೆಲ್ಲ ಹೋಯಿತು. ಅಲ್ಲಿಂದ ಪ್ರತಿ ಸಂಚಿಕೆಗೂ ಅದೇ ಕೆಲಸ ಮತ್ತೆ. ಎರಡು ಸಾಲನ್ನು ಕಾಗದದ ಮೇಲೆ ಬರೆದು ಮಾನಿಟರ್ ಪಕ್ಕ ಅಂಟಿಸಿಕೊಂಡಿದ್ದೆ.

ಇನ್ನೊಂದು ತೊಡಕು ಅಕ್ಷರದ್ದು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ಇಲ್ಲದಿದ್ದರೆ ನಮ್ಮಂಥ ಅಂಗಡಿಗಳು ನಡೆಯುತ್ತಲೇ ಇರಲಿಲ್ಲ, ಆ ಉಪಕಾರ ಮರೆಯೋ ಹಾಗಿಲ್ಲ. ಆದರೆ ಆಗಿನ ನುಡಿ ಫಾಂಟಿನಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇದ್ದವು. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ 'ಕನ್ನಡ' ಅನ್ನೋ ಪದವೇ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡಿನ ಗುರುತು, ಹೀಗೆ ಕಾಣಿಸುತ್ತೆ. ಪ್ರತಿ ಭಾಷೆಗೂ ಸ್ವಂತ ಮನೆ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ನಾವು ಪುಟ ಕಟ್ಟುತ್ತಿದ್ದ ಪೇಜ್‌ಮೇಕರಿಗೆ ಅದು ಗೊತ್ತಿರಲಿಲ್ಲ. ಪೇಜ್‌ಮೇಕರ್ ಹುಟ್ಟಿದ್ದು 1985ರಲ್ಲಿ, ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅಲ್ಲಿಗೆ ಅದರ ಬೆಳವಣಿಗೆ ನಿಂತಿತು. ನಮ್ಮ ಅಂಗಡಿಗಳಲ್ಲಿ ಅದು ನಿಲ್ಲಲಿಲ್ಲ, ಅಷ್ಟೇ.

ಹಾಗಾಗಿ ಮೇಷ್ಟ್ರ ವೆಬ್ ಪುಟದಲ್ಲಿ ಬರಹವನ್ನೆಲ್ಲ ಚಿತ್ರ ಮಾಡಿ ಹಾಕಿದೆವು. ಚಿತ್ರವಾದರೆ ಫಾಂಟಿನ ಗೊಡವೆ ಇಲ್ಲ, ಎಲ್ಲರಿಗೂ ಕನ್ನಡವೇ ಕಾಣುತ್ತೆ. ಆಗಿನ ಕಾಲಕ್ಕೆ ಸುಮಾರು ಜನ ಹಿಡಿದ ದಾರಿ ಅದೇ.

2012ರಲ್ಲಿ ಊರಿಗೆ ವಾಪಸ್ ಬಂದು ಸ್ಟ್ರಿಂಗರ್ ಆದೆ. ಮುಂದೆ ಎಲ್ಲರ ಕೈಗೂ ಫೋನು ಬಂತು. ಆಮೇಲಿನ ಕತೆ ನಿಮಗೇ ಗೊತ್ತು. ನಮ್ಮ ಕಡೆಯ ಸಣ್ಣ ಪತ್ರಿಕೆಗಳೆಲ್ಲ ಈಗ ವಾಟ್ಸಾಪಿನಲ್ಲಿ ಬರುತ್ತವೆ. ಬರೋದು ಪುಟವೇ, ಪೂರ್ತಿ ಪುಟ, ಪಿಡಿಎಫ್ ಅಥವಾ ಫೋಟೊ. ಟ್ಯಾಬ್ಲಾಯ್ಡ್ ಪುಟದ ಅಗಲ ಸುಮಾರು 28 ಸೆಂಟಿಮೀಟರ್. ಕೈಯಲ್ಲಿರುವ ಫೋನಿನ ಪರದೆಯ ಅಗಲ ಸುಮಾರು 7. ಕಾಗದದಲ್ಲಿ 10 ಪಾಯಿಂಟಿದ್ದ ಅಕ್ಷರ ಫೋನಿಗೆ ಬರುವ ಹೊತ್ತಿಗೆ ಎರಡೂವರೆ ಪಾಯಿಂಟು. ಪುಟ ಮಾತ್ರ ಸರಿಯಾಗಿ ಸೆಂಟರಿನಲ್ಲೇ ಇರುತ್ತೆ!

ಕೆಲವು ವರ್ಷದ ಹಿಂದೆ ನಮ್ಮ ಹೋಬಳಿಗೆ ಒಂದು ಜಮೀನಿನ ನೋಟಿಸು ಬಂತು. ಪತ್ರಿಕೆಯೊಂದರ ಪುಟದಲ್ಲಿ ಅಚ್ಚಾಗಿ, ಪುಟ ಫೋಟೊ ಆಗಿ, ಫೋಟೊ ಗುಂಪಿನಿಂದ ಗುಂಪಿಗೆ ಹೋಗಿ ಮಂಕಾಗಿ, ಕೊನೆಗೆ ನಮ್ಮ ಹಿಂದಿನ ಬೀದಿಯ ದೊಡ್ಡಪ್ಪನ ಫೋನಿಗೆ ತಲುಪಿತ್ತು. ಸರ್ವೆ ನಂಬರುಗಳು ಎಡಕ್ಕೆ, ಎಕರೆ ಗುಂಟೆ ನಡುವೆ, ಆಕ್ಷೇಪಣೆ ಸಲ್ಲಿಸುವ ಕೊನೇ ದಿನ ಬಲಕ್ಕೆ ಕೆಳಗೆ. ದೊಡ್ಡಪ್ಪ ಎರಡು ಬೆರಳಲ್ಲಿ ಹಿಗ್ಗಿಸಿ ತನ್ನ ನಂಬರು ಹುಡುಕಿಕೊಂಡಿದ್ದರು. ಬಲಕ್ಕೆ ಸರಿಸಿದರೆ ಸಾಲು ತಪ್ಪುತ್ತಿತ್ತು, ಮತ್ತೆ ಎಡಕ್ಕೆ ಬಂದರೆ ನಂಬರು ಸಿಗುತ್ತಿರಲಿಲ್ಲ. "ಮಗಾ, ನನ್ನ ನಂಬರೇನೋ ಐತೆ. ತಾರೀಕು ಎಲ್ಲೈತೋ ನೋಡು" ಅಂತ ಮನೆಗೆ ಬಂದರು. ನೋಡಿದರೆ ಇನ್ನು ನಾಲ್ಕೇ ದಿನ.

ಅವತ್ತು ರಾತ್ರಿ ಆ ನೋಟಿಸನ್ನು ಸಾದಾ ಮೆಸೇಜಾಗಿ ಟೈಪ್ ಮಾಡಿದೆ. ಕೊನೇ ದಿನ ಮೊದಲ ಸಾಲು. ಎಲ್ಲಿ, ಯಾರಿಗೆ ಅರ್ಜಿ ಕೊಡಬೇಕು ಎರಡನೇ ಸಾಲು. ಆಮೇಲೆ ಊರುವಾರು ನಂಬರುಗಳು. ಚೌಕ ಇಲ್ಲ, ಕಾಲಂ ಇಲ್ಲ, ಸೆಂಟರೂ ಇಲ್ಲ. ಮರುದಿನ ಬೆಳಗ್ಗೆ ಹಾಲಿನ ಡೇರಿ ಹತ್ತಿರ ಅದನ್ನೇ ಓದಿ ಹೇಳುತ್ತಿದ್ದರು. ಅದೇ ನೋಟಿಸಿನ ಫೋಟೊ ಆ ಎಲ್ಲ ಫೋನುಗಳಲ್ಲೂ ಹತ್ತು ದಿನದಿಂದ ಇತ್ತು. ಇತ್ತು ಅನ್ನೋದಕ್ಕೂ ಓದಿದರು ಅನ್ನೋದಕ್ಕೂ ನಡುವೆ ಏನಿದೆ ಅಂತ ನನಗೆ ಹೊಳೆದದ್ದು ಆಗ.

ಪ್ರಪಂಚದ ಮೊಟ್ಟಮೊದಲ ವೆಬ್ ಪುಟವನ್ನು ಸ್ವಿಟ್ಜರ್ಲೆಂಡಿನ ಸರ್ನ್ ಅನ್ನೋ ವಿಜ್ಞಾನ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಮಾಡಿದರು. ಹೊರಗಿನವರಿಗೆ ತೆರೆದದ್ದು 1991ರಲ್ಲಿ. ಅದಕ್ಕೆ ಅಗಲವೇ ಇರಲಿಲ್ಲ. ಕಿಟಕಿ ದೊಡ್ಡದು ಮಾಡಿದರೆ ಸಾಲು ಉದ್ದವಾಗುತ್ತೆ, ಕಿರಿದು ಮಾಡಿದರೆ ಸಾಲು ಮುರಿದು ಕೆಳಗೆ ಇಳಿಯುತ್ತೆ. ನೀರು ಪಾತ್ರೆಯ ಆಕಾರಕ್ಕೆ ಬಂದ ಹಾಗೆ. ಅಂದರೆ ವೆಬ್ ಶುರುವಾದದ್ದೇ ನಡು ಯಾವುದು ಅಂತ ಗೊತ್ತುಮಾಡದೆ. ಅದಕ್ಕೆ ಅಗಲ, ಅಂಚು, ನಡು ಅಂತೆಲ್ಲ ತಂದು ಕೂರಿಸಿದ್ದು ಕಾಗದದಲ್ಲಿ ಪುಟ ಕಟ್ಟಿ ಅಭ್ಯಾಸವಾದ ನಮ್ಮಂಥವರು. ಫೋನುಗಳು ಬಂದಾಗ ಅವು ಈ ಅಗಲದ ಪುಟಗಳಿಗೆ ಹೊಂದಿಕೊಳ್ಳಬೇಕಾಯಿತು. 2007ರಲ್ಲಿ ಬಂದ ಐಫೋನು, ಪುಟ ತನ್ನ ಅಗಲ ಹೇಳದಿದ್ದರೆ ತಾನು 980 ಚುಕ್ಕೆ ಅಗಲದ ಪರದೆ ಅಂತ ನಟಿಸಿ, ಆಮೇಲೆ ಎಲ್ಲವನ್ನೂ ಕುಗ್ಗಿಸಿ ತೋರಿಸುತ್ತಿತ್ತು. ಈಗ ನಿಮ್ಮ ಕೈಯಲ್ಲಿರುವ ಫೋನುಗಳಲ್ಲಿ ಎಷ್ಟೋ 360ರ ಲೆಕ್ಕದವು. 'ವ್ಯೂಪೋರ್ಟ್' ಅನ್ನೋ ಒಂದು ಸಾಲು ಪುಟದಲ್ಲಿದ್ದರೆ ಫೋನು ಆ ನಾಟಕ ಬಿಟ್ಟು ತನ್ನ ನಿಜವಾದ ಅಗಲಕ್ಕೆ ಬರುತ್ತೆ. ನೀವು ಈಗ ಬೆರಳಲ್ಲಿ ಹಿಗ್ಗಿಸದೆ ಇದನ್ನು ಓದುತ್ತಿದ್ದರೆ ಅದು ಆ ಸಾಲಿನ ಪುಣ್ಯ.

ಚಿತ್ರ ಮಾಡಿದ ಬರಹಕ್ಕೆ ಇನ್ನೂ ಒಂದು ಶಿಕ್ಷೆ ಇದೆ: ಹುಡುಕಿದರೆ ಸಿಗೋದಿಲ್ಲ. ಮೇಷ್ಟ್ರ ಪತ್ರಿಕೆಯಲ್ಲಿ ಬಂದ ಸರ್ವೆ ನಂಬರುಗಳನ್ನು ಇವತ್ತು ಯಾರಾದರೂ ಹುಡುಕಿದರೆ ಒಂದೂ ಬರೋದಿಲ್ಲ. ಆ ವೆಬ್ ಪುಟಕ್ಕೆ ಕಟ್ಟಬೇಕಿದ್ದ ವರ್ಷದ ದುಡ್ಡು ನಿಂತು ಅದೂ ಮುಚ್ಚಿತು. ಉಳಿದಿರೋದು ಒಂದು ಸಿಡಿ, ಅದರಲ್ಲಿ 31 ಸಂಚಿಕೆ. ಪೇಜ್‌ಮೇಕರ್ ಕಡತಗಳು, ಪಬ್ಲಿಷರ್ ಕಡತಗಳು. ಪಬ್ಲಿಷರಿಗೆ 2026ರ ಅಕ್ಟೋಬರಿಗೆ ಬೆಂಬಲ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ತಿಂಗಳಿಗೋ ವರ್ಷಕ್ಕೋ ದುಡ್ಡು ಕಟ್ಟಿ ಆಫೀಸ್ ಬಳಸುವವರಿಗೆ ಆಮೇಲೆ ಅದರಲ್ಲಿ ಆ ಕಡತ ತೆರೆಯೋಕೂ ಆಗೋದಿಲ್ಲ. ನಿಮ್ಮೂರಿನ ಸಂಘದ್ದೋ ಶಾಲೆಯದ್ದೋ ಹಳೇ ಕರಪತ್ರ, ಸ್ಮರಣ ಸಂಚಿಕೆ ಅದರಲ್ಲಿದ್ದರೆ ಒಂದು ಸಲ ತೆರೆದು ಪಿಡಿಎಫ್ ಮಾಡಿಡಿ. ಅಕ್ಷರವನ್ನು ಬೇರೆಯಾಗಿ ನಕಲು ತೆಗೆದು, ನುಡಿಯಿಂದ ಯೂನಿಕೋಡಿಗೆ ಬದಲಿಸಿಡಿ. ಬದಲಿಸುವ ಸಾಧನಗಳು ಪುಕ್ಕಟೆ ಸಿಗುತ್ತವೆ.

ಆ ಕೆಲಸವನ್ನೇ ನಾನು ಈಗ ರಾತ್ರಿ ಹೊತ್ತು ಮಾಡುತ್ತಿದ್ದೇನೆ. ಮೇಷ್ಟ್ರಿಗೆ ಎಂಬತ್ತು ಆಗುತ್ತಾ ಬಂತು, ಸಕ್ಕರೆ ಕಾಯಿಲೆಗೆ ಕಣ್ಣು ಹೆಚ್ಚುಕಮ್ಮಿ ಹೋಗಿದೆ. ಮೊಮ್ಮಗಳು ಅವರ ಫೋನಿಗೆ ಟಾಕ್‌ಬ್ಯಾಕ್ ಹಾಕಿಕೊಟ್ಟಿದ್ದಾಳೆ, ಬೆರಳಿಟ್ಟಲ್ಲಿ ಫೋನು ಓದಿ ಹೇಳುತ್ತೆ. ಅವರದೇ ಹಳೇ ಪುಟದ ಚಿತ್ರ ಕಳಿಸಿದಾಗ ಒಳಗಿನ ಒಂದು ಅಕ್ಷರವನ್ನೂ ಅದು ಓದಲಿಲ್ಲ. ಯೂನಿಕೋಡಿಗೆ ಬದಲಿಸಿದ ಮೊದಲ ಸಂಚಿಕೆ ಕಳಿಸಿದಾಗ ಪೂರ್ತಿ ಕೇಳಿಸಿಕೊಂಡರಂತೆ, ಸಂಪಾದಕೀಯದಿಂದ ಟ್ಯಾಂಕರ್ ಮಾಲೀಕರ ಜಾಹೀರಾತಿನವರೆಗೆ.

ಒಂಬತ್ತು ಸಂಚಿಕೆ ಆಗಿದೆ. ಬದಲಿಸುವಾಗ ಅರ್ಕಾವತ್ತು ಕೆಲವು ಕಡೆ ಜಾಗ ತಪ್ಪುತ್ತೆ, ಫೋನು ಅದನ್ನು ವಿಚಿತ್ರವಾಗಿ ಓದುತ್ತೆ, ಮೇಷ್ಟ್ರು ಕಿವಿಯಲ್ಲೇ ಹಿಡಿಯುತ್ತಾರೆ. ಮೊನ್ನೆ ಭಾನುವಾರ ಬೆಳಗ್ಗೆ ಏಳಕ್ಕೇ ಫೋನು ಬಂತು. "ಏಳನೇ ಸಂಚಿಕೆ ಎರಡನೇ ಪುಟದಲ್ಲಿ 'ಸರ್ವೆ' ಅನ್ನೋದು ಏನೇನೋ ಆಗೈತೆ. ತಿದ್ದಿ ಮತ್ತೆ ಕಳಿಸು."