ಮಾವನ ಮನೆಯೋ, ಬಿಡದಿಯ ಲಾಡ್ಜೋ?

ಅಕ್ಕನ ಮಗನಿಗೆ ಹತ್ತು ವರ್ಷ. ಮೊಬೈಲ್‌ನಲ್ಲಿ ವಂಡರ್‌ಲಾ ರೀಲ್ಸ್ ನೋಡಿ ನೋಡಿ, 'ಬ್ಯಾಸಗಿ ಸೂಟಿಗೆ ಅಲ್ಲಿಗೇ ಹೋಗೋಣು' ಅಂತ ಹಟ ಹಿಡಿದ. ಶೇಂಗಾ ಮಾರಿದ ರೊಕ್ಕದಲ್ಲಿ ಅವ್ವ ಸ್ವಲ್ಪ ಎತ್ತಿಟ್ಟಿದ್ದಳು. ಹೋಗುವುದು ಖಾತ್ರಿಯಾಯಿತು. ಮಾತಿಗೆ ಮಾತು ಬೆಳೆದದ್ದು ಎಲ್ಲಿ ಉಳಿಯುವುದು ಅನ್ನುವುದಕ್ಕೆ.

'ನನ್ನ ತಮ್ಮ ಪೀಣ್ಯಾದಾಗ ಇರೂವಾಗ ಲಾಡ್ಜ್ ಯಾಕ?' ಅಂದಳು ಅವ್ವ. ನಮ್ಮ ಕುಷ್ಟಗಿ ಕಡೆ ನೆಂಟರಿದ್ದ ಊರಿಗೆ ಹೋಗಿ ರೊಕ್ಕ ಕೊಟ್ಟು ಮಲಗಿದರೆ ಅವರನ್ನು ದೂರ ಮಾಡಿದ ಹಾಗೆ.

ಆದರೆ ಅವ್ವನಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಮಾವನ ಮನೆಯಲ್ಲಿ ಮೂರು ದಿನ ಇದ್ದೆವು. ಒಂದೇ ಕೋಣೆ, ಅದರ ಮೂಲೆಯಲ್ಲೇ ಅಡುಗೆ. ಮಾವ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬರುತ್ತಿದ್ದ. ಚಹಾ ಕುಡಿದು 'ಸ್ವಲ್ಪ ಕೆಲಸ ಐತಿ' ಎಂದು ಹೊರಗೆ ಹೋಗುತ್ತಿದ್ದ. ಮೂರನೇ ದಿನ ಹಾಲು ತರಲು ಹೋದಾಗ ಕಂಡೆ: ಗುಡಿ ಕಟ್ಟೆಯ ಮೇಲೆ ಟವೆಲ್ ತಲೆಗಿಟ್ಟುಕೊಂಡು ಮಲಗಿದ್ದ. ಅತ್ತಿ ಗಾರ್ಮೆಂಟ್ಸ್ ಕೆಲಸಕ್ಕೆ ಮೂರು ದಿನ ರಜೆ ಹಾಕಿದ್ದಳು. ಅಷ್ಟೂ ಸಂಬಳ ಕಟ್.

ಈ ಸಲ ಅವ್ವನಿಗೆ ಹೇಳಿದೆ. ರೊಟ್ಟಿ ಬಡಿಯುವುದು ನಿಲ್ಲಿಸಿ, 'ಮೊದಲ ಯಾಕ ಹೇಳಲಿಲ್ಲ?' ಅಂದಳು. ಮತ್ತೇನೂ ಅನ್ನಲಿಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆವು. ವಂಡರ್‌ಲಾ ಇರುವುದು ಬೆಂಗಳೂರಿನ ಒಳಗಲ್ಲ, ಮೈಸೂರು ರಸ್ತೆಯಲ್ಲಿ, ಬಿಡದಿ ಹತ್ತಿರ. ಪೀಣ್ಯಾದಿಂದ ಹೋಗಬೇಕೆಂದರೆ ಮೆಟ್ರೋದಲ್ಲಿ ಮೆಜೆಸ್ಟಿಕ್, ಅಲ್ಲಿ ನೇರಳೆ ಮಾರ್ಗಕ್ಕೆ ಬದಲಾಗಿ ಚಲ್ಲಘಟ್ಟ, ಅಲ್ಲಿಂದ ಬಸ್. ಸಂಜೆ ಒದ್ದೆ ಬಟ್ಟೆ, ಸುಸ್ತಾದ ಹುಡುಗ, ಅದೇ ದಾರಿ ವಾಪಸ್. ಮೆಜೆಸ್ಟಿಕ್‌ನಲ್ಲಿ ಲಾಡ್ಜ್ ಸಿಗುತ್ತದೆ, ಆದರೆ ಓಡಾಟ ತಪ್ಪುವುದಿಲ್ಲ. ಪಾರ್ಕಿನ ಆವರಣದಲ್ಲೇ ರೆಸಾರ್ಟ್ ಇದೆ. ನಡೆದೇ ಹೋಗಬಹುದು, ಬಾಡಿಗೆ ಮಾತ್ರ ನಮ್ಮ ಕೈಗೆ ಎಟುಕಲಿಲ್ಲ. ಉಳಿದದ್ದು ಬಿಡದಿ ಪೇಟೆಯ ಸಾದಾ ಲಾಡ್ಜ್. ಶಕ್ತಿ ಯೋಜನೆ ಇರುವುದರಿಂದ ಊರಿನಿಂದ ಬೆಂಗಳೂರಿನವರೆಗೆ ನಾವು ಮೂವರು ಹೆಣ್ಣುಮಕ್ಕಳಿಗೆ ಬಸ್ ಖರ್ಚಿಲ್ಲ, ಆಧಾರ್ ಇದ್ದರೆ ಸಾಕು. ಹಾಗೆ ಉಳಿದ ರೊಕ್ಕವೇ ಕೋಣೆ ಬಾಡಿಗೆಗೆ ಆಯಿತು.

ಮಾವನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. 'ನಮ್ಮ ಮನಿ ಸಣ್ಣದಾತೇನು?' ಅಂದ. ನನ್ನ ಗಂಟಲು ಕಟ್ಟಿತು. ಅವ್ವ ಫೋನ್ ಕಸಿದುಕೊಂಡಳು. 'ಹಂಗಲ್ಲೋ ತಮ್ಮಾ. ಐತವಾರ ನಿನಗ ಸೂಟಿ ಐತಲ್ಲ, ಮಗಳನ್ನ ಕರಕೊಂಡು ನೀನ ಬಾ. ಹುಡುಗರು ಕೂಡಿ ಆಡ್ಲಿ.' ಬೆಂಗಳೂರಿನಲ್ಲೇ ಬೆಳೆದ ಆ ಹುಡುಗಿಯೂ ವಂಡರ್‌ಲಾ ನೋಡಿದ್ದು ಮೊಬೈಲ್‌ನಲ್ಲಿ ಮಾತ್ರ.

ನೀವು ಹೋಗುವುದಾದರೆ ಎರಡು ಮಾತು. ಮೈಸೂರು ಕಡೆಯ ಎಷ್ಟೋ ಬಸ್ಸುಗಳು ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ನೇರ ಹೋಗಿಬಿಡುತ್ತವೆ. 'ಬಿಡದಿಗೆ ನಿಲ್ತದೇನ್ರಿ?' ಎಂದು ಕೇಳಿಯೇ ಹತ್ತಿ. ಲಾಡ್ಜಿಗೆ ಮೊದಲೇ ಫೋನ್ ಮಾಡಿ, ಕುಟುಂಬಕ್ಕೆ ಕೋಣೆ ಕೊಡುತ್ತಾರಾ, ಬಿಸಿನೀರು ಎಷ್ಟು ಹೊತ್ತಿಗೆ, ಬಟ್ಟೆ ಒಣಗಿಸಲು ಜಾಗ ಇದೆಯಾ ಕೇಳಿ. ನೀರಾಟಕ್ಕೆ ಹತ್ತಿ ಬಟ್ಟೆ ನಡೆಯುವುದಿಲ್ಲ, ನೈಲಾನ್ ಬಟ್ಟೆ ಬೇಕು.

ಐತವಾರ ಬೆಳಿಗ್ಗೆ ರಾತ್ರಿ ಪಾಳಿ ಮುಗಿಸಿದವನೇ ಮಾವ ಮಗಳ ಜೊತೆ ಬಂದ. ಕೈಯಲ್ಲಿ ಅತ್ತಿ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ. ಎಲ್ಲರೂ ತಟ್ಟೆ ಇಡ್ಲಿ ತಿಂದೆವು. ಪಾರ್ಕಿಗೆ ಹೊರಟಾಗ ಮಾವ, 'ನೀವು ಹೋಗ್ರಿ, ನಾ ಇಲ್ಲೇ ಕುಂಡರ್ತೀನಿ' ಅಂದ. ಮೊಣಕಾಲು ನೋವೆಂದು ಅವ್ವನೂ ಉಳಿದಳು.

ಸಂಜೆ ಗದ್ದಲ ಮಾಡುತ್ತ ಬಂದೆವು. ಅವ್ವ ಬಾಗಿಲಲ್ಲೇ ಕೂತಿದ್ದಳು, ತುಟಿಯ ಮೇಲೆ ಬೆರಳಿಟ್ಟಳು. ಒಳಗೆ ಫ್ಯಾನ್ ಕೆಳಗೆ, ಮಂಚದ ಮೇಲೆ, ಮಾವ ಇನ್ನೂ ನಿದ್ದೆಯಲ್ಲಿದ್ದ.