ಸೊನ್ನೆಯ ಮೆರವಣಿಗೆ

ಮಗಳು ಕ್ಲೀವ್‌ಲ್ಯಾಂಡಿನಲ್ಲಿದ್ದಾಳೆ ಎಂದರೆ ನ್ಯೂಜೆರ್ಸಿಯ ನಮ್ಮ ನೆಂಟರು ಮೊದಲು ‘ಅಯ್ಯೋ’ ಎನ್ನುತ್ತಾರೆ, ಆಮೇಲೆ ಕೆಲಸ ಏನೆಂದು ಕೇಳುತ್ತಾರೆ. ಹೊಳೆಗೆ ಬೆಂಕಿ ಬಿದ್ದ ಊರು! 1969ರ ಜೂನ್ 22ರಂದು ಕಯಹೋಗ ಹೊಳೆಯ ಮೇಲೆ ತೇಲುತ್ತಿದ್ದ ಎಣ್ಣೆ, ಕಸಕ್ಕೆ ಕಿಡಿ ತಗುಲಿ ಹೊತ್ತಿ ಉರಿಯಿತಂತೆ. ಬೆಂಕಿಯೇನೋ ಅರ್ಧ ಗಂಟೆಯೊಳಗೆ ಆರಿತು, ಅಪಕೀರ್ತಿ ಇನ್ನೂ ಆರಿಲ್ಲ. ಬೆಳ್ಳಂದೂರು ಕೆರೆಯ ಹೊಗೆ ಕುಡಿದ ನನಗೆ ಇದರಲ್ಲಿ ಅಂಥ ವಿಶೇಷ ಕಾಣಲಿಲ್ಲ.

ಬರ್ಲಿನ್ನಿನಲ್ಲಿ ನಾಲ್ಕು ಚಿನ್ನ ಗೆದ್ದ ಜೆಸ್ಸಿ ಓವೆನ್ಸ್ ಬೆಳೆದದ್ದು ಇಲ್ಲೇ. ಸೂಪರ್‌ಮ್ಯಾನನ್ನು ಸೃಷ್ಟಿಸಿದ ಹುಡುಗರಿಬ್ಬರು ಓದಿದ್ದೂ ಇಲ್ಲೇ. ಆದರೆ ಪಕ್ಕದ ಮನೆಯ ಅಜ್ಜ ಇದನ್ನೆಲ್ಲ ಹೇಳುವುದಿಲ್ಲ. ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಅವರಿಗೆ ಸಂಜೆ ಜಗಲಿಯಲ್ಲಿ ಕೂತು ಊರಿನ ಸೋಲುಗಳನ್ನು ಪಠಿಸುವುದೇ ಸಂಧ್ಯಾವಂದನೆ. ಇಲ್ಲಿ ಸೋಲುಗಳಿಗೂ ನಾಮಕರಣವಾಗಿದೆ. ‘ದಿ ಡ್ರೈವ್’ ಎಂದರೆ 1987ರ ಜನವರಿಯಲ್ಲಿ ಡೆನ್ವರಿನ ಜಾನ್ ಎಲ್ವೇ 98 ಗಜ ಚೆಂಡು ಸಾಗಿಸಿ ಬ್ರೌನ್ಸ್ ಫುಟ್‌ಬಾಲ್ ತಂಡದ ಬಾಯಿಂದ ತುತ್ತು ಕಸಿದದ್ದು. ‘ದಿ ಫಂಬಲ್’ ಮರುವರ್ಷದ್ದು, ಎದುರಾಳಿ ಅದೇ ಡೆನ್ವರ್. ಅದನ್ನು ಹೇಳಲು ಅಜ್ಜ ಅಂಗಳಕ್ಕಿಳಿದು ಊರುಗೋಲಿನಿಂದ ಹುಲ್ಲಿನ ಮೇಲೆ ಗೆರೆ ಎಳೆಯುತ್ತಾರೆ. “ಗೆರೆ ಇಲ್ಲಿ. ನಮ್ಮ ಬೈನರ್ ಚೆಂಡು ಕೈಬಿಟ್ಟದ್ದು ಇಲ್ಲಿ.” ನಡುವೆ ಎರಡು ಮೂರು ಹೆಜ್ಜೆ. ಕೊನೆಗೆ “ಮುಂದಿನ ವರ್ಷ ನೋಡಿ” ಎನ್ನುತ್ತಾರೆ. ನನಗೇನೂ ಹೊಸದೆನಿಸಲಿಲ್ಲ, ನಾನೂ ಬೆಂಗಳೂರಿನವಳೇ.

1964ರ ಡಿಸೆಂಬರಿನಲ್ಲಿ ಬ್ರೌನ್ಸ್ ತಂಡ ಬಾಲ್ಟಿಮೋರನ್ನು 27-0ರಿಂದ ಬಡಿದು ಚಾಂಪಿಯನ್ ಆದಾಗ ಹೈಸ್ಕೂಲು ಹುಡುಗನಾಗಿದ್ದ ಅಜ್ಜ ಅಪ್ಪನ ಜೊತೆ ಸರೋವರದ ದಂಡೆಯ ಸ್ಟೇಡಿಯಮ್ಮಿನಲ್ಲಿದ್ದರು. ಇನ್ನು ಪ್ರತಿ ವರ್ಷ ಬರೋಣ ಎಂದಿದ್ದರಂತೆ ಅಪ್ಪ. ಇನ್ನೊಂದು ಕಪ್ ನೋಡದೆಯೇ ಹೋದರು. 1995ರಲ್ಲಿ ಮಾಲೀಕ ಆರ್ಟ್ ಮೊಡೆಲ್ ತಂಡವನ್ನೇ ಕಿತ್ತುಕೊಂಡು ಹೊರಟದ್ದು ಎಲ್ಲಿಗೆ? ಅದೇ ಬಾಲ್ಟಿಮೋರಿಗೆ! ಹಳೆಯ ಸ್ಟೇಡಿಯಂ ಕೆಡವಿ, ಅದರ ಕಾಂಕ್ರೀಟನ್ನು ಮೀನುಗಳಿಗೆ ನೆಲೆಯಾಗಲೆಂದು ಎರಿ ಸರೋವರದ ತಳಕ್ಕೆ ಇಳಿಸಿದರು. “ನಾನೂ ಅಪ್ಪನೂ ಕೂತ ಜಾಗದಲ್ಲಿ ಈಗ ಯಾವ ಮೀನು ಕೂತಿದೆಯೋ. ಅದಕ್ಕೆ ಟಿಕೆಟ್ಟೂ ಬೇಡ” ಎಂದು ಅಜ್ಜ ನಗುತ್ತಾರೆ, ನಗು ಮುಗಿದ ಮೇಲೂ ಸುಮ್ಮನೆ ಅತ್ತಲೇ ನೋಡುತ್ತಿರುತ್ತಾರೆ.

ಕೊನೆಗೂ 2016ರ ಜೂನ್‌ನಲ್ಲಿ ಬಾಸ್ಕೆಟ್‌ಬಾಲ್ ತಂಡ ಕ್ಯಾವಲಿಯರ್ಸ್, 1-3ರಿಂದ ಹಿಂದಿದ್ದದ್ದು ಎದ್ದು ಗೆದ್ದಿತು. ಗೆಲ್ಲಿಸಿದ ಲೆಬ್ರಾನ್ ಜೇಮ್ಸ್ ಪಕ್ಕದ ಆಕ್ರಾನಿನ ಹುಡುಗ. 2010ರಲ್ಲಿ ಮಯಾಮಿಗೆ ಹೋದನೆಂದು ಇದೇ ಜನ ಅವನ ಜೆರ್ಸಿ ಸುಟ್ಟಿದ್ದರು. 52 ವರ್ಷದ ಬರ ನೀಗಿದ್ದಕ್ಕೆ ಜೂನ್ 22ರಂದು, ಹೊಳೆ ಉರಿದ ತಾರೀಖಿನಂದೇ, ಮೆರವಣಿಗೆ. ಲಕ್ಷಗಟ್ಟಲೆ ಜನ. ಅಜ್ಜನೂ ಹೋಗಿ ಅತ್ತು ಬಂದರು.

ಅಲ್ಲಿಂದ ಅವರಿಗೆ ಸಂಜೆಗಳು ಸಪ್ಪೆಯಾದವು. ಜಗಲಿಯಲ್ಲಿ ಹೇಳಲು ಏನೂ ಉಳಿದಿರಲಿಲ್ಲ. ಪುಣ್ಯಕ್ಕೆ ನವೆಂಬರಿನಲ್ಲಿ ಬೇಸ್‌ಬಾಲ್ ತಂಡ 3-1ರಿಂದ ಮುಂದಿದ್ದೂ ಶಿಕಾಗೋಗೆ ಸೋತಿತು. ಅಜ್ಜ ಚೇತರಿಸಿಕೊಂಡರು.

2017ರ ಋತುವಿನಲ್ಲಂತೂ, ಅದೇ ಹೆಸರಿನಲ್ಲಿ ಮತ್ತೆ ಕಟ್ಟಿದ ಹೊಸ ಬ್ರೌನ್ಸ್ ತಂಡ ಹದಿನಾರಕ್ಕೆ ಹದಿನಾರೂ ಪಂದ್ಯ ಸೋತಿತು. ಅಭಿಮಾನಿಗಳು 2018ರ ಜನವರಿಯ ಕೊರೆವ ಚಳಿಯಲ್ಲಿ ಸ್ಟೇಡಿಯಮ್ಮಿನ ಸುತ್ತ, ದೊಡ್ಡದೊಂದು ಸೊನ್ನೆ ಬರೆಯುವಂತೆ, ಮೆರವಣಿಗೆ ತೆಗೆದರು. ಈ ವಯಸ್ಸಿನಲ್ಲಿ ಇದೆಲ್ಲ ಬೇಕೇ ಎಂದು ನನ್ನ ಮಗಳು ಗದರಿದಳಂತೆ. ಟೋಪಿಯ ಮೇಲೆ ಟೋಪಿ ಹಾಕಿಕೊಳ್ಳುತ್ತಲೇ ಅಜ್ಜ ಹೇಳಿದರಂತೆ: “ಗೆದ್ದಾಗ ಹೋಗಿದ್ದೆನಲ್ಲಮ್ಮ, ಇದಕ್ಕೆ ಹೋಗದಿದ್ದರೆ ಭೇದ ಮಾಡಿದ ಹಾಗಾಗುತ್ತೆ.”